ಮಗಳ ಪಾಲಿನ ಸದ್ದು

“ಯಾರದು? ಏನ ಗೀರಾಕತ್ತೀರಿ?”

ಸಾತಪ್ಪ ಗಟ್ಟಿಯಾಗಿ ಕೇಳಿದ. ಉತ್ತರಿಸಲು ಮಗ್ಗದ ಮನೆಯಲ್ಲಿ ಯಾರೂ ಇರಲಿಲ್ಲ. ಎಂಟು ಪವರ್‌ಲೂಮ್ ಮಗ್ಗಗಳು ತಮ್ಮ ಪಾಡಿಗೆ ಸೀರೆ ನೇಯುತ್ತಿದ್ದವು. ಆ ಕಾಲಕ್ಕೆ ಮಗ್ಗಗಳಿಗೆ ಬುದ್ಧಿ ಬಂದಿತ್ತು; ಬಾಯಿ ಮಾತ್ರ ಕಡಿಮೆಯಾಗಿರಲಿಲ್ಲ. ಆದರೆ ಆ ಅಬ್ಬರ ಸಾತಪ್ಪನಿಗೆ ಕೇಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವುಗಳ ನಡುವೆ ನಿಂತು ಅವನ ಕಿವಿಯ ನರಗಳು ಸತ್ತುಹೋಗಿದ್ದವು. ಈಗ ಕೇಳಿದ್ದು ಬೇರೆಯೇ ಒಂದು ಸಣ್ಣ ಸದ್ದು. ಗೀರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಗೀರುತ್ತಿತ್ತು.

ಅದು ಒಂದು ಮೈಲಿ ದೂರದ ಶಾಲೆಯಲ್ಲಿ ಅವನ ಒಂಬತ್ತು ವರ್ಷದ ಮಗಳು ಶಾಕಂಭರಿಯ ಪೆನ್ಸಿಲ್ಲು ಹಾಳೆಯ ಮೇಲೆ ಓಡುತ್ತಿದ್ದ ಸದ್ದು. ಅದು ಹೊಳೆದಾಗ ಸಾತಪ್ಪ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಕಿವಿಯ ಹಿಂದೆ ಬೆಳಿಗ್ಗೆಯಷ್ಟೇ ಅಂಟಿಸಿದ್ದ ಬೆರಳಗಲದ ಪಟ್ಟಿಯನ್ನು ಮುಟ್ಟಿ ನೋಡಿಕೊಂಡ.

ಶಾಕಂಭರಿ ಹುಟ್ಟಿದಾಗಿನಿಂದಲೂ ಹಾಗೆಯೇ. ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಸೇರುವಳು; ಪಕ್ಕದ ಮನೆಯಲ್ಲಿ ಯಾರನ್ನೋ ಬೈದರೆ ಇಲ್ಲಿ ಇವಳು ಅಳುವಳು. ತಾಯಿ ಕಾಶವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಶಾಲೆಯ ಹುಡುಗಿಯರು ‘ಮುಟ್ಟಿದರೆ ಮುನಿ’ ಎಂದು ಹೆಸರಿಟ್ಟು, ಬೆನ್ನ ಹಿಂದೆ ಊಟದ ಡಬ್ಬಿ ಬಡಿದು ಓಡುತ್ತಿದ್ದರು. “ಇಷ್ಟಕ್ಕ ಅಳತಾರೇನ?” ಎಂದು ಸಾತಪ್ಪನೂ ಎಷ್ಟೋ ಸಲ ಗದರಿದ್ದ. ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಮಗುವನ್ನು ಸರಿಯಾಗಿ ಗುರುತಿಸಿದವರು ಡಾ. ಇಂದುಮತಿ ಕುಲಗೋಡ. ಶಾಲೆಶಾಲೆಗೆ ಹೋಗಿ ಅತಿಸಂವೇದಿ ಮಕ್ಕಳನ್ನು ಕಂಡುಹಿಡಿಯುವ ವಿಜ್ಞಾನಿ ಅವರು. ಅವರು ಮನೆಗೆ ಬಂದಾಗ ಸಾತಪ್ಪ ತುಟಿ ನೋಡಿಯೇ ಮಾತು ತಿಳಿದುಕೊಂಡ. ಆ ವಿದ್ಯೆಯನ್ನು ಮಗ್ಗದ ಮನೆ ಎಲ್ಲ ನೇಕಾರರಿಗೂ ಕಲಿಸುತ್ತದೆ.

“ಇದು ಕಾಯಿಲೆಯಲ್ಲ,” ಎಂದರು ಅವರು. “ಎಲ್ಲರ ಮನಸ್ಸಿಗೂ ಒಂದು ಜರಡಿ ಇರುತ್ತದೆ. ಬೇಡದ ಸದ್ದನ್ನು ಹೊರಗೇ ತಡೆಯುತ್ತದೆ. ನಿಮ್ಮ ಮಗಳ ಜರಡಿಯ ಕಣ್ಣುಗಳು ದೊಡ್ಡವು. ಎಲ್ಲವೂ ಒಳಗೆ ಬೀಳುತ್ತವೆ.”

“ಹಂಗಾರ ಜರಡಿ ರಿಪೇರಿ ಮಾಡ್ರಿ ಮತ್ತ.”

“ಅದು ಕೆಟ್ಟಿಲ್ಲವಲ್ಲ. ಒಳಗೆ ಬಿದ್ದದ್ದನ್ನು ಹಂಚಿಕೊಳ್ಳಬಹುದು, ಅಷ್ಟೆ.”

ಹಂಚುವ ಸಾಧನಕ್ಕೆ ‘ಶ್ರವಣ ವಿಭಾಜಕ’ ಎಂದು ಹೆಸರಿಟ್ಟಿದ್ದರು. ಜನರ ಬಾಯಲ್ಲಿ ಅದು ಪಾಲುಪಟ್ಟಿ. ಮಗುವಿನ ಕಿವಿಯ ಹಿಂದೆ ಒಂದು, ದೊಡ್ಡವರೊಬ್ಬರ ಕಿವಿಯ ಹಿಂದೆ ಒಂದು. ಮಗು ಕೇಳಿದ್ದರಲ್ಲಿ ಅರ್ಧ ಭಾಗ ದೊಡ್ಡವರಿಗೆ ಹೋಗುತ್ತದೆ. ಪಟ್ಟಿ ಸಾಗಿಸುವುದು ಗಾಳಿಯ ಸದ್ದನ್ನಲ್ಲ, ಒಂದು ಮನಸ್ಸು ಕೇಳಿದ್ದನ್ನು. ಆದ್ದರಿಂದ ಮಗುವಿನ ಜಾಗದಲ್ಲಿ ಯಂತ್ರವನ್ನಿಟ್ಟರೆ ಅದು ಕೆಲಸ ಮಾಡದು.

“ನನಗ ಹಾಕ್ರಿ,” ಎಂದಿದ್ದ ಸಾತಪ್ಪ. “ಹೆಂಗಿದ್ರೂ ಕಿವುಡ. ನನಗೇನ ತ್ರಾಸ ಆಗತೈತಿ?”

“ಇಷ್ಟ ವರ್ಷ ಕುಂತ ಉಂಡ ಕಿವಿಗೆ ಈಗ ಕೆಲಸ ಸಿಕ್ಕಿತ ನೋಡ್ರಿ,” ಎಂದು ಕಾಶವ್ವ ನಕ್ಕಿದ್ದಳು.

ಸತ್ತ ಕಿವಿಯನ್ನು ದಾಟಿ ಸದ್ದು ನೇರವಾಗಿ ಮನಸ್ಸಿಗೆ ಬರಬಹುದೆಂದು ಯಾರೂ ಎಣಿಸಿರಲಿಲ್ಲ.

ವಾರದಲ್ಲಿ ಶಾಕಂಭರಿ ತರಗತಿಯಲ್ಲಿ ದಿನವಿಡೀ ಕೂರತೊಡಗಿದಳು. ಒಂದು ಸಂಜೆ, ಮಠದ ಪುರಾಣಕ್ಕೆ ಹೋಗೋಣವೆಂದು ತಾನಾಗಿಯೇ ಕೇಳಿದಳು. ಹಿಂದೆಲ್ಲ ಮಠದ ಓಣಿ ಬರುವ ಮೊದಲೇ ಕಿವಿ ಮುಚ್ಚಿಕೊಳ್ಳುತ್ತಿದ್ದವಳು. ಸಾತಪ್ಪ ಎಷ್ಟೋ ವರ್ಷ ಅಲ್ಲಿ ಬರಿಯ ಕೈಮುಗಿದು ಕುಳಿತು ಎದ್ದು ಬಂದಿದ್ದ. ಆ ದಿನ ಶಾಸ್ತ್ರಿಗಳು ಎತ್ತಿದ ಷಟ್ಪದಿಯ ಮೊದಲ ಸಾಲು ಅವನೊಳಗೆ ಇಳಿಯಿತು. ಅಕ್ಷರ ಅಕ್ಷರ ಬಿಡಿಬಿಡಿಯಾಗಿ ಕೇಳಿತು. ಸಾಲಿನ ಕೊನೆಯಲ್ಲಿ ಹಾಡುವವರು ಒಳಗೆಳೆದುಕೊಳ್ಳುವ ಉಸಿರು ಕೂಡ. ಕಿವಿ ನೆಟ್ಟಗಿದ್ದಾಗಲೂ ಅಷ್ಟು ಕೇಳಿದ್ದಿಲ್ಲ. ಅವನು ಅಳುತ್ತ ನಕ್ಕ. ಶಾಕಂಭರಿ ತಿರುಗಿ ಅಪ್ಪನ ಮುಖವನ್ನೇ ನೋಡಿದಳು.

ಮರುದಿನದಿಂದ ಅವಳು ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ಜನ ಕೂಡಿದಲ್ಲಿ ಮಗು ಕುಳಿತಿರುವ ಹೊತ್ತು ದಿನೇದಿನೇ ಏರುತ್ತಿದ್ದುದನ್ನು ಕಂಡು ಇಂದುಮತಿ ‘ಗಮನಾರ್ಹ ಪ್ರಗತಿ’ ಎಂದು ಬರೆದುಕೊಂಡರು.

ಇಪ್ಪತ್ತನೆಯ ದಿನ ಕಾಶವ್ವ ಬಳೆ ತೊಡಿಸಲೆಂದು ಮಗಳ ಅಂಗಿಯ ತೋಳು ಸರಿಸಿದಳು. ಮುಂಗೈ ತುಂಬ ಹಲ್ಲಿನ ಗುರುತು. ಹಳೆಯವು ಕಪ್ಪಾಗಿದ್ದವು, ಹೊಸವು ಕೆಂಪಗಿದ್ದವು.

“ಯಾರ ಕಡದಾರ ಇದನ್ನ?”

“ನಾನ. ಮಠದಾಗ ಸ್ಪೀಕರ್ ಬಾಜೂಕ ಕುಂತಾಗ ತಡಕೊಳ್ಳಾಕ ಆಗಂಗಿಲ್ಲ. ಕಡಕೊಂಡ್ರ ಸುಮ್ಮನ ಕುಂದರತೀನಿ.”

“ಅಲ್ಲೇ ಯಾಕ ಕುಂದರಬೇಕ, ನನ್ನವ್ವಾ? ಹಿಂದ ಕುಂದರಬಾರದಾ?”

“ಹಿಂದ ಕುಂತ್ರ ಅಪ್ಪಗ ಸಣ್ಣಗ ಕೇಳತೈತಿ.”

ಸುದ್ದಿ ತಿಳಿದು ಮನೆಗೆ ಬಂದ ಇಂದುಮತಿ ಆ ಕೈಯನ್ನು ಹಿಡಿದು ನೋಡಿದರು. “ಅರ್ಧ ಕಳೆದರೂ ಆ ಅಬ್ಬರ ಅವಳಿಗೆ ಹೆಚ್ಚೇ,” ಎಂದರು. “ನಾನು ಹೊರೆ ಹಂಚುತ್ತಿದ್ದೇನೆ ಎಂದುಕೊಂಡಿದ್ದೆ, ಸಾತಪ್ಪನವರೇ. ಅದು ನಿಮಗೆ ಊಟವಾಗುತ್ತದೆಂದು ಹೊಳೆಯಲಿಲ್ಲ. ಇಂಥ ಮಕ್ಕಳು ಎದುರಿನವರ ಮುಖವನ್ನೂ ಕೇಳಿಸಿಕೊಳ್ಳುತ್ತಾರೆ. ಅದನ್ನು ಅಳೆಯುವ ಸಾಧನ ನನ್ನಲ್ಲಿಲ್ಲ.”

“ಹಂಗಾರ ನಾ ನಕ್ಕದ್ದ ತಪ್ಪಾತೇನ್ರಿ?”



ಸಾತಪ್ಪ ಅಲ್ಲಿಯೇ ಪಟ್ಟಿಯನ್ನು ಕಿತ್ತ. ಕೊನೆಗೆ ಕೇಳಿದ್ದು ಮಗಳು ಬಿಕ್ಕನ್ನು ತಡೆದು ನುಂಗಿದ ಸದ್ದು. ಆಮೇಲೆ ಏನೂ ಇಲ್ಲ. ಪಟ್ಟಿಯನ್ನು ಹೆಂಡತಿಯ ಕಿವಿಯ ಹಿಂದೆ ಅವನೇ ಅಂಟಿಸಿದ.

ಅಂದಿನಿಂದ ಶಾಲೆಯ ಅರ್ಧ ಸದ್ದು ಕಾಶವ್ವನ ಪಾಲಿಗೆ ಬಂತು. ಮೊದಲ ದಿನ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದಳು. ಎರಡನೆಯ ದಿನ ಕುಕ್ಕರನ್ನು ಅಟ್ಟಕ್ಕೆ ಹಾಕಿ ಬೇಳೆಯನ್ನು ಪಾತ್ರೆಯಲ್ಲಿ ಬೇಯಲಿಟ್ಟಳು. ಮೂರನೆಯ ದಿನ ಶಾಲೆಗೆ ಹೋಗಿ, ಮಗಳನ್ನು ಗಂಟೆಯಿಂದ ದೂರದ ಕಿಟಕಿಯ ಬಳಿ ಕೂರಿಸುವಂತೆ ಟೀಚರಿಗೆ ಹೇಳಿ ಬಂದಳು. ಶಾಕಂಭರಿಯ ಕೈ ಮಾಯತೊಡಗಿತು. ಸಾತಪ್ಪನ ಮಗ್ಗಗಳು ಮೊದಲಿನಂತೆ ಸದ್ದಿಲ್ಲದೆ ನೇಯುತ್ತಿದ್ದವು.

ಪುರಾಣ ಮುಗಿಯುವ ಮಂಗಲದ ದಿನ ಮಧ್ಯಾಹ್ನ ಅವನು ತಲೆಯೆತ್ತಿದಾಗ ಮಗ್ಗದ ಮನೆಯ ಬಾಗಿಲಲ್ಲಿ ಶಾಕಂಭರಿ ನಿಂತಿದ್ದಳು. ಅಷ್ಟು ವರ್ಷಗಳಲ್ಲಿ ಅವಳು ಆ ಹೊಸ್ತಿಲ ಹತ್ತಿರವೂ ಬಂದವಳಲ್ಲ. ಅವನು ಓಡಿಹೋಗಿ ಎಂಟೂ ಮಗ್ಗಗಳ ಗುಂಡಿ ಒತ್ತಿ ನಿಲ್ಲಿಸಿದ. ಎಳೆಗಳು ಹರಿದವು.

ಅವಳು ಒಳಗೆ ಬಂದು, ಅಪ್ಪನಿಗೆ ತುಟಿ ಕಾಣುವಂತೆ ನೇರ ಎದುರಿಗೆ ನಿಂತಳು. ಅಮ್ಮನ ಪಟ್ಟಿ ಅವಳ ಅಂಗೈಯಲ್ಲಿತ್ತು.

“ಇವತ್ತ ಮಂಗಲ ಐತಿ ಅಪ್ಪಾ. ಕಡೀ ಪದ್ಯ ಹಾಡತಾರ. ಇದೊಂದ ದಿನ ಹಾಕ್ಕೋ. ನಾ ಹಿಂದ ಕುಂದರತೀನಿ. ಕಡಕೊಳ್ಳಂಗಿಲ್ಲ, ಆಣಿ.”

ಸಾತಪ್ಪನ ಕೈ ತಾನಾಗಿ ಮುಂದೆ ಹೋಯಿತು. ಪಟ್ಟಿಯನ್ನು ಎತ್ತಿಕೊಂಡಿತು ಕೂಡ. ಅದು ಅವಳ ಅಂಗೈ ಬಿಸಿಗೆ ಬೆಚ್ಚಗಿತ್ತು. ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡಿದ್ದು, ಮತ್ತೆ ಅವಳ ಅಂಗೈಯಲ್ಲೇ ಇಟ್ಟು, ಆ ಸಣ್ಣ ಬೆರಳುಗಳನ್ನು ಒಂದೊಂದಾಗಿ ಮಡಚಿದ.

“ಒಲ್ಲೆ,” ಎಂದ.