ಮೇ ಒಂದರ ಚೆರ್ರಿ ಮರ

ಮಾಡಿನ ಹಿಂದೆ ಇರಬೇಕಾದ ಮರ ಇರಲಿಲ್ಲ.

ಬ್ಲಾಂಕಾ ಗೇಟಿನ ಹತ್ತಿರವೇ ನಿಂತುಬಿಟ್ಟಳು. ಒಂದು ಕೈಯಲ್ಲಿ ಸಾಸೇಜಿನ ಚೀಲ, ಇನ್ನೊಂದರಲ್ಲಿ ಅಜ್ಜಿ ಕಟ್ಟಿಕೊಟ್ಟ ಕೇಕು. ಪ್ರತಿ ಮೇ ತಿಂಗಳಲ್ಲೂ ಈ ಕಾಟೇಜಿನ ಕಪ್ಪು ಮಾಡಿನ ಮೇಲೆ ಚೆರ್ರಿ ಮರವೊಂದು ಹಾಲು ಉಕ್ಕಿದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಈಗ ಅಲ್ಲಿ ಬರೀ ಆಕಾಶ. ಬೇರೆ ಯಾರದೋ ಗೇಟು ತೆಗೆದೆನೇನೋ ಎಂದು ತಿರುಗಿ ನೋಡಿದಳು. ಗೇಟು ಅವಳದೇ. ಮೆಟ್ಟಿಲ ಮೇಲೆ ನಿಂತಿದ್ದವನೂ ಅವಳವನೇ, ಅವಳ ಲೆಕ್ಕದಲ್ಲಿ.

"ಬಂದ್ಯಾ?" ಎಂದ ರಾದಿಮ್. "ನೀರು ಬಿಟ್ಟಿದೀನಿ. ಚಿಮಣಿ ಕ್ಲೀನ್ ಆಗಿದೆ. ಹಾಸಿಗೆ ಬಿಸಿಲಿಗೆ ಹಾಕಿದೀನಿ."

"ಮರ ಎಲ್ಲಿ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. "ಕಡಿದೆ."



ಇದಕ್ಕೆಲ್ಲ ಮೂಲ ಆ ಕನ್ನಡಕವೇ. ಪ್ರಾಗ್‌ನ ಒಂದು ಕನ್ನಡಕದ ಅಂಗಡಿಯಲ್ಲಿ ಬ್ಲಾಂಕಾಗೆ ಕೆಲಸ, ಎದುರಿನ ಟ್ರಾಮ್ ಡಿಪೋದಲ್ಲಿ ರಾದಿಮ್‌ಗೆ. ಎರಡು ಚಳಿಗಾಲ ಕಳೆದರೂ ಅವನ ಕನ್ನಡಕದ ತಿರುಪು ಸಡಿಲವಾಗುವುದು ನಿಂತಿರಲಿಲ್ಲ. ದಿನವಿಡೀ ಟ್ರಾಮಿನ ಬೋಲ್ಟು ಬಿಗಿಯುವ ಮಹಾಶಯನಿಗೆ ಸಾಸಿವೆ ಗಾತ್ರದ ಆ ತಿರುಪು ಬಿಗಿಯಲು ಬರುವುದಿಲ್ಲವಂತೆ! ಅವಳು ಬಿಗಿದು, ಅವನ ಕಿವಿಗೆ ಸಿಕ್ಕಿಸಿ, "ಈಗ ಕಾಣ್ತಿದೆಯಾ?" ಎನ್ನುವಳು. "ಚೆನ್ನಾಗಿ ಕಾಣ್ತಿದೆ" ಎಂದು ಅವನು ಅವಳನ್ನೇ ನೋಡುವನು. ಅಷ್ಟೇ. ಅದರಾಚೆಗೆ ಗಂಟಲಲ್ಲಿ ಮಾತು ಸಿಕ್ಕಿಕೊಂಡು ಹೊರಟುಹೋಗುವನು.

ಮನೆಯಲ್ಲಿ ಅಜ್ಜಿಯ ಕಾಟ ಬೇರೆ.

"ಹೋದ ಮೇ ಒಂದಕ್ಕೂ ಹೂ ಬಿಟ್ಟ ಚೆರ್ರಿ ಕೆಳಗೆ ನಿನಗೆ ಯಾರೂ ಮುತ್ತು ಕೊಡಲಿಲ್ಲ. ಹೀಗೇ ಆದ್ರೆ ಒಣಗಿ ಕೊರಡಾಗ್ತೀಯ ಕಣೇ."

"ಅಜ್ಜೀ, ಅದನ್ನೆಲ್ಲ ಈಗ ಯಾರು ನಂಬ್ತಾರೆ?"

"ನಂಬಬೇಡ. ನನ್ನನ್ನ ನೋಡು, ಒಣಗಿದೀನಾ? ನಿಮ್ಮ ತಾತ ಒಂದು ವರ್ಷನೂ ತಪ್ಪಿಸಲಿಲ್ಲ. ಕಾಲು ಮುರಿದ ವರ್ಷ ಕೋಲೂರಿಕೊಂಡು ಬಂದ್ರು, ತಾವೇ ನೆಟ್ಟ ಮರದ ಕೆಳಗೆ."

ಬ್ಲಾಂಕಾ ನಂಬುತ್ತಿರಲಿಲ್ಲ. ಆದರೂ ಏಪ್ರಿಲ್ ಬಂದಾಗ ಅವಳ ತಲೆಯಲ್ಲಿ ಒಂದು ಪ್ಲಾನು ಮೊಳೆಯಿತು. ಈ ಸಲ ಚಳಿ ತಡವಾಗಿ ಕಾಲ್ತೆಗೆದಿತ್ತು, ಚೆರ್ರಿ ಸರಿಯಾಗಿ ಮೇ ಒಂದಕ್ಕೇ ಅರಳುವ ಅಂದಾಜು. ಅವನ ಬಾಯಿಂದ ಹೊರಡದ ಮಾತನ್ನು ಆ ಮರವಾದರೂ ಹೊರಡಿಸಲಿ ಎಂದುಕೊಂಡಳು.

"ಮೇ ಒಂದಕ್ಕೆ ಕಾಟೇಜಿಗೆ ಹೋಗ್ತಿದೀನಿ" ಎಂದಳು, ತಿರುಪು ಬಿಗಿಯುತ್ತಾ.

"ಒಬ್ಬಳೇನಾ?"

"ಇಲ್ಲ. ಜೊತೆಗೆ ಒಬ್ರು ಇರ್ತಾರೆ." ಓರೆಗಣ್ಣಲ್ಲಿ ನೋಡಿದಳು. "ಯಾರು ಅಂತ ಕೇಳ್ಬೇಡ, ಸರ್‌ಪ್ರೈಸ್. ನೀನು ಹಿಂದಿನ ಶನಿವಾರವೇ ಹೋಗಿ ಚಳಿಗಾಲಕ್ಕೆ ಮುಚ್ಚಿಟ್ಟ ಕಾಟೇಜು ತೆರೆದಿಡ್ತೀಯಾ? ನೀರು, ಚಿಮಣಿ, ಹಾಸಿಗೆ. ಹಿತ್ತಲಲ್ಲಿ ಚೆರ್ರಿ ಮರ ಇದೆ, ಅದರ ಕೆಳಗೆ ಹುಲ್ಲು ಕತ್ತರಿಸಿ ಬೆಂಚು ಹಾಕು. ಆವತ್ತು ಬೆಳಗ್ಗೆ ನಾನು ಬರೋ ಹೊತ್ತಿಗೆ ನೀನು ಅಲ್ಲೇ ಇರಬೇಕು."

"ಚೆರ್ರಿ ಕೆಳಗೆ" ಎಂದ ಅವನು, ಸಣ್ಣ ದನಿಯಲ್ಲಿ. ಆಮೇಲೆ, "ಆ ಒಬ್ಬರಿಗೆ ತಿನ್ನೋಕೆ ಏನಿಷ್ಟ?"

"ಸಾಸೇಜು. ಜೊತೆಗೆ ಕಪ್ಪು ಬಿಯರು."

"ನನಗೂ ಅದೇ ಇಷ್ಟ" ಎಂದು ಮುಖ ಜೋಲು ಹಾಕಿಕೊಂಡು ಹೋದ.

ಎಂಥ ದಡ್ಡ ಎಂದು ಅವಳು ದಾರಿಯುದ್ದಕ್ಕೂ ಒಳಗೊಳಗೇ ನಕ್ಕಳು. ಅವರ ಕಡೆ ಯಾರನ್ನಾದರೂ ಕಾಟೇಜಿಗೆ ಕರೆದರೆಂದರೆ ಅರ್ಧ ಊಟಕ್ಕೆ, ಅರ್ಧ ಕೆಲಸಕ್ಕೆ. ಆದರೆ ರಾದಿಮ್‌ಗೆ ಪೂರ್ತಿ ಕೆಲಸವೇ ಬಂದಿತ್ತು, ಊಟ ಯಾರಿಗೋ. ಇದು ಮಾತ್ರ ಅವಳ ತಲೆಗೆ ಹೊಳೆಯಲೇ ಇಲ್ಲ.

ಈಗ ಅವಳು ಗೇಟಿನ ಬಳಿ ನಿಂತಲ್ಲಿಂದಲೇ ಕೂಗಿದಳು. "ಕಡಿದೆ ಅಂದ್ರೆ? ಯಾಕೆ?"

"ಟೊಳ್ಳಾಗಿತ್ತು. ಮಾಡಿನ ಕಡೆ ವಾಲಿತ್ತು. ಬೇಕಾದ್ರೆ ಕೌಬೆಕ್ ಅವರನ್ನ ಕೇಳು."

ಪಕ್ಕದ ಕಾಟೇಜಿನ ಮುದುಕ ಕೌಬೆಕ್ ಬೇಲಿಯಾಚೆ ಸಸಿಗಳಿಗೆ ನೀರು ಹಾಕುವ ನಾಟಕ ಆಡುತ್ತಿದ್ದ. ಕರೆಯುವುದನ್ನೇ ಕಾಯುತ್ತಿದ್ದವನಂತೆ ತಲೆ ಎತ್ತಿದ.

"ಟೊಳ್ಳಾಗಿದ್ದು ನಿಜ ಕಣಮ್ಮಾ. ಆದ್ರೆ ಈ ಸಲದ ಹಣ್ಣು ಮುಗಿಯೋವರೆಗೆ ಕಲ್ಲು ನಿಂತ ಹಾಗೆ ನಿಂತಿರೋದು. ಮೊಗ್ಗು ಬಿರಿಯೋ ಹೊತ್ತಲ್ಲಿ ಯಾರಾದ್ರೂ ಕಡೀತಾರೇನೋ ಅಂತ ಬಾಯಿ ಬಡ್ಕೊಂಡೆ. ನಿನ್ನ ಕೆಲಸದವನು ಕೇಳಿದ್ರೆ ತಾನೇ!"

ಬ್ಲಾಂಕಾಳ ಕೈಯಿಂದ ಕೇಕು ಜಾರಿತು. ಸಿಟ್ಟಿಗಿಂತ ಮೊದಲು ಅಳು ಬಂತು.

"ನಮ್ಮ ತಾತ ನೆಟ್ಟ ಮರ ಅದು. ಅಜ್ಜಿಗೆ ನಾನು ಏನು ಹೇಳ್ಲಿ? ಒಂದು ಮಾತು ಕೇಳಬಾರದಿತ್ತಾ ನೀನು?"

ರಾದಿಮ್‌ನ ಮುಖ ಸುಣ್ಣದ ಹಾಗೆ ಬಿಳುಚಿತು. ಮೆಟ್ಟಿಲ ಮೇಲಿದ್ದ ತನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡ. "ತಾತ ನೆಟ್ಟಿದ್ದು ಅಂತ ಗೊತ್ತಿರಲಿಲ್ಲ, ದೇವರಾಣೆ. ಅವನು ಬರೋಕೆ ಮುಂಚೆ ನಾನು ಹೊರಡ್ತೀನಿ."

"ಯಾವ ಅವನು?"

"ಅದೇ, ನಿನ್ನ ಒಬ್ರು." ಅವನು ನೆಲ ನೋಡುತ್ತಾ ಗಡಗಡ ಹೇಳಿಬಿಟ್ಟ. "ಟೊಳ್ಳು ಅನ್ನೋದು ನೆಪ, ಬ್ಲಾಂಕಾ. ಹುಲ್ಲು ಕತ್ತರಿಸ್ದೆ. ಬೆಂಚು ತಂದೆ. ನಾನು ಹಾಕಿದ ಬೆಂಚಲ್ಲಿ ಕೂತು ಅವನ್ಯಾವನೋ ನಿನಗೆ ಮುತ್ತು ಕೊಡೋದು ಕಣ್ಣ ಮುಂದೆ ಬಂತು. ತಡಕೊಳ್ಳೋಕೆ ಆಗ್ಲಿಲ್ಲ. ಗರಗಸ ತಗೊಂಡೆ. ನೀನಂದ್ರೆ ನನಗೆ ಪ್ರಾಣ. ಹೇಳೋ ಹಕ್ಕಿಲ್ಲ, ಆದ್ರೂ ಹೇಳಿದೀನಿ. ಈಗ ಬೈಯಿ."

ಎರಡು ಚಳಿಗಾಲ ಕಾದ ಮಾತು ಕೊನೆಗೂ ಬಂದಿತ್ತು, ಆದರೆ ಮರವನ್ನು ಉರುಳಿಸಿಕೊಂಡು ಬಂದಿತ್ತು. ಬ್ಲಾಂಕಾಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ.

"ರಾದಿಮ್, ಸಾಸೇಜು ಯಾರಿಗೆ ಇಷ್ಟ?"

"ಅವನಿಗೆ."

"ಕಪ್ಪು ಬಿಯರು?"

"ಅವನಿಗೆ. ನನಗೂ..." ಅವನು ಅಲ್ಲಿಗೇ ನಿಲ್ಲಿಸಿದ. ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದ. ಚೀಲ ಇಳಿಸಿ ಮೆಟ್ಟಿಲ ಮೇಲೆ ಕುಳಿತ. "ನಾನಾ?"

"ಇನ್ಯಾರೋ, ಮಂಕೇ? ನಿನ್ನ ಮುತ್ತಿನ ಮರಾನ ನೀನೇ ಕಡ್ದು ಕೂತಿದೀಯಲ್ಲೋ!"

ಬೇಲಿಯಾಚೆ ನೀರಿನ ಕ್ಯಾನು ದೊಪ್ಪನೆ ಬಿತ್ತು.

ಬ್ಲಾಂಕಾ ಅವನನ್ನು ದಾಟಿ ಹಿತ್ತಲಿಗೆ ಓಡಿದಳು. ಬುಡವನ್ನಾದರೂ ನೋಡಬೇಕಿತ್ತು ಅವಳಿಗೆ. ಮೂಲೆ ತಿರುಗಿದವಳು ಮತ್ತೆ ದಂಗಾಗಿ ನಿಂತಳು.

ಮರ ಹುಲ್ಲಿನ ಮೇಲೆ ಅಡ್ಡ ಮಲಗಿತ್ತು. ಮಲಗಿದಲ್ಲೇ ಮೈತುಂಬ ಹೂ ಬಿಟ್ಟಿತ್ತು. ಒಂದು ಕೊಂಬೆಯನ್ನೂ ಅವನು ತುಂಡರಿಸಿರಲಿಲ್ಲ.

"ಸೌದೆ ಮಾಡೋಕೆ ಕೈ ಬರ್ಲಿಲ್ಲ" ಎಂದ ಅವನು ಹಿಂದಿನಿಂದ. "ಒಂದು ಪಕ್ಕದಲ್ಲಿ ಬುಡಕ್ಕೆ ಇನ್ನೂ ಅಂಟಿಕೊಂಡಿದೆ. ಬೀಳ್ತಾ ಇದ್ದ ಹಾಗೇ ತಪ್ಪು ಮಾಡ್ದೆ ಅನ್ನಿಸ್ತು. ಎತ್ತಿ ನಿಲ್ಲಿಸೋಕೆ ಆಗಲ್ವಲ್ಲ."

ಬ್ಲಾಂಕಾ ಕಣ್ಣೊರೆಸಿಕೊಂಡಳು. ತಾತನ ಮರಕ್ಕಾಗಿ ಎದೆ ಉರಿಯುತ್ತಲೇ ಇತ್ತು. ಆದರೂ ಅದು ಹೂ ಬಿಟ್ಟಿತ್ತು, ದಿನವೂ ಇವತ್ತೇ ಆಗಿತ್ತು. ಅವಳು ಷೂ ಕಳಚಿ, ಹುಲ್ಲಿನ ಮೇಲೆ ಅಂಗಾತ ಮಲಗಿ, ಕೊಂಬೆಗಳ ಕೆಳಗೆ ತೆವಳಿದಳು.

"ಬಾ ಇಲ್ಲಿ. ಮರ ಮಲಗಿದ್ರೆ ನಾವೂ ಮಲಗೋಣ."

ಅವನು ತೆವಳಿ ಬರುವಾಗ ಕನ್ನಡಕ ರೆಂಬೆಗೆ ಸಿಕ್ಕಿಕೊಂಡಿತು. ಅವಳೇ ಬಿಡಿಸಿ ತೆಗೆದಳು.

"ಈಗ ಕಾಣ್ತಿದೆಯಾ?"

"ಏನೂ ಕಾಣ್ತಿಲ್ಲ."

"ಪರವಾಗಿಲ್ಲ, ಹತ್ತಿರ ಬಾ."

ಅವನು ಹತ್ತಿರ ಬಂದ. ಹೂವಿನ ಎಸಳು ಇಬ್ಬರ ತುಟಿಗೂ ಅಂಟಿತು.

"ಅಜ್ಜಿಗೆ ನೀನೇ ಹೇಳ್ಬೇಕು" ಎಂದಳು ಆಮೇಲೆ.

"ಹೇಳ್ತೀನಿ. ಕಾಲಿಗೆ ಬೀಳ್ತೀನಿ. ಇದೇ ಜಾಗದಲ್ಲಿ ಹೊಸ ಸಸಿ ನೆಡ್ತೀನಿ."

"ಅದು ಹೂ ಬಿಡೋಕೆ ವರ್ಷಗಟ್ಟಲೆ ಆಗುತ್ತೆ."

"ಇರ್ತೀನಿ."

ಅವಳು ಅವನ ಕೂದಲಿನಿಂದ ಒಂದು ಎಸಳು ತೆಗೆದಳು. "ಅಲ್ಲೀತನಕ ಮೇ ಒಂದಕ್ಕೆ ಏನ್ ಮಾಡ್ತೀಯಪ್ಪಾ?" ಎಂದಳು.

ಉತ್ತರ ಬೇಲಿಯಾಚೆಯಿಂದ ಬಂತು.

"ನಮ್ಮ ಚೆರ್ರಿ ಕೆಳಗೆ ಬನ್ರಪ್ಪಾ!" ಎಂದು ಕೌಬೆಕ್ ಕೂಗಿದ. "ಗರಗಸ ಮಾತ್ರ ಮನೇಲೇ ಇಟ್ಟು ಬನ್ನಿ!"