ಕತ್ತರಿಸಿಟ್ಟ ಉಸಿರು

ಟ್ರೈಲರ್ ಮುಗಿಯಿತು. ಎರಡೂವರೆ ನಿಮಿಷದಲ್ಲಿ ಅರ್ಪಿತ ಅಳುತ್ತಾಳೆ, ನಗುತ್ತಾಳೆ, ಮದುವೆ ಮಂಟಪದಿಂದ ಎದ್ದು ಬರುತ್ತಾಳೆ, ಕೊನೆಗೆ ಒಂದು ಬಸ್ಸನ್ನು ತಡೆದು ನಿಲ್ಲಿಸಿ ಕೂಗಾಡುತ್ತಾಳೆ. ಸಾರಕ್ಕಿಯ ಮನೆಯಲ್ಲಿ ಟಿವಿ ಮುಂದೆ ಕೂತಿದ್ದ ಅಜ್ಜಿ ಅಕ್ಕಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು:

"ನಮ್ ಅರ್ಪಿತ ಯಾವಾಗ ಬತ್ತಾಳೆ?"

"ಅವಳೇ ಕಣವ್ವ. ಉದ್ದಕ್ಕೂ ಅವಳೇ ಇದ್ಲಲ್ಲ," ಎಂದರು ಅರ್ಪಿತಳ ಅಪ್ಪ ಬೋರಣ್ಣ.

"ಮಾತಾಡಿದ್ದು ಅದ್ಯಾವ್ದೋ ಬೇರೆ ಹೆಣ್ಣು ಕಣ್ಲಾ."

ಅಜ್ಜಿಗೆ ಎರಡೂ ಕಣ್ಣು ಮಬ್ಬು. ಮನೆಯವರನ್ನು ಗುರುತು ಹಿಡಿಯುವುದು ದನಿಯಿಂದಲೇ. ಬೋರಣ್ಣ ಮಗಳ ಕಡೆ ತಿರುಗಿದರು. ಮಗಳು ಆಗಲೇ ಸ್ಕೂಟರ್ ಕೀ ಹುಡುಕುತ್ತಿದ್ದಳು. ಸಿಟ್ಟಿಗೆ ಎದುರಿಗಿದ್ದ ಕೀಯೂ ಅವಳಿಗೆ ಕಾಣುತ್ತಿರಲಿಲ್ಲ.

ಆ ಸಿಟ್ಟಿಗೆ ಇಪ್ಪತ್ತು ವರ್ಷ ವಯಸ್ಸು. ಆರನೇ ವಯಸ್ಸಿಗೇ ಬಣ್ಣ ಹಚ್ಚಿದವಳು ಅರ್ಪಿತ; ಪೋಸ್ಟರುಗಳಲ್ಲಿ ‘ಬೇಬಿ ಅರ್ಪಿತ’. ಮೊದಲ ಚಿತ್ರದಲ್ಲೇ ಖಳನಾಯಕನ ಎದುರು ಸೊಂಟದ ಮೇಲೆ ಕೈಯಿಟ್ಟು, "ನನ್ನ ಅಳಿಸ್ಬೇಡಿ ಅಂಕಲ್, ನಾನ್ ಅತ್ರೆ ಮಳೆ ಬರುತ್ತೆ" ಎಂದಿದ್ದಳು. ನಾಡೆಲ್ಲ ಚಪ್ಪಾಳೆ ತಟ್ಟಿತು. ಆದರೆ ಜನ ಕೇಳಿದ್ದು ಅವಳ ದನಿಯನ್ನಲ್ಲ. ಹುಟ್ಟಿನಿಂದಲೇ ಅವಳ ಗಂಟಲು ಒರಟು. ಮಗುವಿಗೆ ಇಂಥ ದನಿ ಇರಬಾರದೆಂದು ನಿರ್ಮಾಪಕರು ನಲವತ್ತು ದಾಟಿದ ಹೆಂಗಸೊಬ್ಬರಿಂದ ಮುದ್ದು ಮುದ್ದಾಗಿ ಡಬ್ಬಿಂಗ್ ಮಾಡಿಸಿದ್ದರು. ನಾಯಕಿಯಾದ ಮೇಲೂ ಐದು ಚಿತ್ರ, ಐದು ಬೇರೆ ಬೇರೆ ಕಂಠ. ನಮ್ಮ ಚಿತ್ರರಂಗಕ್ಕೆ ನಾಯಕಿಯ ಕಣ್ಣು ಬೇಕು, ನಡು ಬೇಕು, ಕುಣಿಯುವ ಕಾಲು ಬೇಕು. ಅವಳ ಗಂಟಲು ಮಾತ್ರ ಬೇಡ. ಈ ಆರನೆಯದಕ್ಕೆ ನಿರ್ದೇಶಕ ಶಶಿಧರ್ ಮಾತು ಕೊಟ್ಟಿದ್ದರು: ನಿನ್ನ ದನಿಯೇ ಇರುತ್ತೆ. ಅದೊಂದು ಮಾತನ್ನು ನಂಬಿ ಅವಳು ಎರಡು ದೊಡ್ಡ ಚಿತ್ರಗಳನ್ನು ಬಿಟ್ಟಿದ್ದಳು.

ಸಾರಕ್ಕಿ ಸಿಗ್ನಲ್ಲಿನಲ್ಲಿ ಕೆಂಪು ದೀಪ. ಪಕ್ಕದ ಆಟೋದಿಂದ ಒಬ್ಬ ಹೆಂಗಸು ತಲೆ ಹೊರಹಾಕಿದಳು.

"ನೀವು ಬೇಬಿ ಅರ್ಪಿತ ಅಲ್ವಾ ಮೇಡಂ? ಆ ಮಳೆ ಡೈಲಾಗ್ ಒಂದ್ಸಲ ಹೇಳಿ, ಪ್ಲೀಸ್."

ಬೇರೆ ದಿನವಾಗಿದ್ದರೆ ನಕ್ಕು ತಪ್ಪಿಸಿಕೊಳ್ಳುತ್ತಿದ್ದಳು. ಅವತ್ತು ಆ ಹೆಂಗಸನ್ನು ನೆಟ್ಟಗೆ ನೋಡಿ, ತನ್ನ ದನಿಯಲ್ಲೇ, ಒಂದಕ್ಷರ ಬಿಡದೆ ಹೇಳಿದಳು. ಹೆಂಗಸಿನ ಮುಖ ಸಪ್ಪಗಾಯಿತು.

"ಅಯ್ಯೋ, ಪಿಚ್ಚರಲ್ಲಿ ಹಿಂಗಿರ್ಲಿಲ್ಲ. ಶೀತ ಆಗಿದ್ಯಾ ಮೇಡಂ?"

ಹಸಿರು ದೀಪ ಬಂತು. ಅರ್ಪಿತ ಜೆ.ಪಿ. ನಗರದ ಸ್ಟುಡಿಯೋ ಕಡೆ ಸ್ಕೂಟರ್ ತಿರುಗಿಸಿದಳು.

ಸಿಟ್ಟು ಶಶಿಧರ್ ಮೇಲಿತ್ತು, ನಿರ್ಮಾಪಕರ ಮೇಲಿತ್ತು, ಎಲ್ಲರಿಗಿಂತ ಹೆಚ್ಚಾಗಿ ಸಂಗಮೇಶನ ಮೇಲಿತ್ತು. ಆ ಸ್ಟುಡಿಯೋದ ಸೌಂಡ್ ಎಂಜಿನಿಯರ್ ಅವನು. ಗದಗದ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ಒಂದು ಬಾಡಿಗೆ ರೂಮು, ಒಂಟಿ ಜೀವ. ಡಬ್ಬಿಂಗಿನ ಮೊದಲ ದಿನ ಅವಳು ಅಭ್ಯಾಸಬಲದಿಂದ ದನಿ ತೆಳ್ಳಗೆ ಮಾಡಿಕೊಂಡು ಮಾತಾಡಿದಾಗ, ಗಾಜಿನ ಆಚೆಯಿಂದ ಕೈಯೆತ್ತಿ ತಡೆದಿದ್ದ.

"ಹಂಗ ಬ್ಯಾಡ್ರಿ. ಈಗ ಹೊರಗ ನನ್ನ ಕೂಡ ಮಾತಾಡಿದ್ರಲ್ಲ, ಹಂಗ ಮಾತಾಡ್ರಿ. ಆ ದನಿ ಕೇಳಿದ್ರ ಮನ್ಯಾಗ ಯಾರೋ ಅದಾರ ಅನಸ್ತೈತಿ."

ಇಪ್ಪತ್ತು ವರ್ಷದಲ್ಲಿ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಒಂಬತ್ತು ದಿನ ಅವಳು ಮಾತಾಡಿದಳು, ಅವನು ಕೇಳಿದ. ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಲೋಕವೆಲ್ಲ ಅವಳನ್ನು ದಿಟ್ಟಿಸುತ್ತಿತ್ತು, ಇವನೊಬ್ಬ ಕಣ್ಣು ಮುಚ್ಚಿ ಕೂರುತ್ತಿದ್ದ. ಅದು ಅವಳ ಮನಸ್ಸಿಗೆ ಹಿಡಿಸಿಬಿಟ್ಟಿತು. ಎಷ್ಟೋ ಸಲ ಬೇಕೆಂದೇ ತಪ್ಪಿ, ಇನ್ನೊಂದು ಟೇಕ್ ಕೇಳಿದಳು. ಅವನಿಗೂ ಅದು ಗೊತ್ತಿತ್ತು. ಒಂದೇ ಕಣ್ಣು ತೆರೆದು ನೋಡಿ, ಮೀಸೆಯೊಳಗೇ ನಕ್ಕು, "ಇನ್ನೊಮ್ಮಿ ತಗೊಳ್ಳೋಣ್ರಿ" ಅನ್ನುತ್ತಿದ್ದ.

ಕೊನೆಯ ದಿನ ಕೇಬಲ್ ಸುತ್ತುತ್ತ, ತಲೆಯೆತ್ತದೆ ಕೇಳಿದ್ದ: "ಪಿಚ್ಚರ್ ಬಂದ ದಿವ್ಸ ನಿಮ್ಮ ಬಾಜೂಕ ಕುಂಡ್ರಲೇನ್ರಿ?"

ಅವಳು ನಕ್ಕುಬಿಟ್ಟಿದ್ದಳು. ಆಮೇಲೆ, "ಕೂತ್ಕೊಳ್ಳಿ" ಅಂದಿದ್ದಳು.

ಅದಾದ ಒಂದು ವಾರಕ್ಕೆ ಅವನು ಫೋನ್ ಎತ್ತುವುದನ್ನೇ ಬಿಟ್ಟ. ಯಾಕೆಂದು ಈ ಬೆಳಿಗ್ಗೆ ಟ್ರೈಲರ್ ಹೇಳಿತ್ತು.

ಸ್ಟುಡಿಯೋದ ದಪ್ಪ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಒಂಬತ್ತು ದಿನ ಮರ್ಯಾದೆಯಿಂದ ‘ನೀವು’ ಅಂದಿದ್ದವಳು ಸೀದಾ ಏಕವಚನಕ್ಕೆ ಇಳಿದಳು.

"ಎದ್ದೇಳು ಮೇಲೆ."

ಸಂಗಮೇಶ ಎದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು.

"ಆ ಹೆಂಗಸನ್ನ ನನ್ನ ಬಾಯೊಳಗೆ ಕೂರ್ಸಿದ್ದು ನೀನೇ ಅಲ್ವಾ?"

"ಹೌದ್ರಿ. ರಿಕಾರ್ಡ್ ಮಾಡಿದ್ದು ನಾನ."

"ಮನೇಲಿ ಯಾರೋ ಇದ್ದಾರೆ ಅನ್ಸತ್ತೆ ಅಂದ್ಯಲ್ಲ, ಈಗ ಯಾರಿದ್ದಾರೆ ನಿನ್ ಮನೇಲಿ?"

ಅವನು ತಲೆ ತಗ್ಗಿಸಿದ. "ಅದಕ್ಕಿಂತ ಕೆಟ್ಟದ್ದು ಐತ್ರಿ. ಕುಂತು ಕೇಳ್ರಿ."

"ನಿಂತೇ ಕೇಳ್ತೀನಿ."

ಅವನು ಬಸ್ಸು ತಡೆಯುವ ದೃಶ್ಯ ಹಾಕಿದ. ಅರ್ಪಿತಳ ದನಿಯೇ. ಆದರೆ ಒಂದೊಂದು ಮಾತೂ ತೊಳೆದು ಒಣಗಿಸಿದಂತಿತ್ತು. ಮಗುವನ್ನು ಕಳೆದುಕೊಂಡ ತಾಯಿ ಬಸ್ಸಿನ ಎದುರು ನಿಂತು, ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಯಾವುದೆಂದು ಹೇಳುವ ಹೆಂಗಸಿನಂತೆ ಮಾತಾಡುತ್ತಿದ್ದಳು.

"ಇದು ನಾನಾ?"

"ನೀವ ರೀ. ದನಿ ಗಂಡಸರಂಗ ಐತಿ, ಸರಿ ಬರ್ಲಿಲ್ಲಂದ್ರ ತಗದ ಬಿಡ್ತೀವಿ ಅಂತ ಪ್ರೊಡ್ಯೂಸರ್ ಮೊದ್ಲ ಅಂದಿದ್ರು. ನನಗ ಹೆದರಿಕಿ ಆತು. ಹೆಂಗರ ಮಾಡಿ ನಿಮ್ಮ ದನಿ ಉಳಿಸ್ಬೇಕಂತ ಕುಂತು ಸ್ವಚ್ಛ ಮಾಡಿದೆ. ಉಸುರು ತಗದೆ, ಒರಟು ತಗದೆ, ಗಂಟಲ ಕಟ್ಟಿದ್ದು ತಗದೆ. ಅವ್ರು ಕೇಳಿ, ಇದ್ರಾಗ ಜೀವಾನ ಇಲ್ಲ, ಬ್ಯಾರೆಯವ್ರನ್ನ ಕರಸ್ರಿ ಅಂದ್ರು. ಅವ್ರು ಕೆಡಿಸಲಿಲ್ರಿ. ನಾನ ಕೆಡಿಸಿದ್ದು."

ಅರ್ಪಿತ ಹಿಂದಿನ ಸೋಫಾದ ಮೇಲೆ ಕೂತಳು. ಇಷ್ಟು ಹೊತ್ತು ಉರಿಯುತ್ತಿದ್ದ ಸಿಟ್ಟು ಈಗ ನೋಯತೊಡಗಿತು.

"ಎಲ್ರೂ ಬೇಡ ಅಂದ್ರು, ನಂಗೆ ಅಭ್ಯಾಸ ಆಗೋಗಿತ್ತು. ನೀನೊಬ್ಬ ಬೇಕು ಅಂದೆ. ಅಂದೋನೇ ಕೂತ್ಕೊಂಡು ಕೆರೆದು ಹಾಕ್ದೆ. ನಿಂಗೂ ನನ್ನ ದನಿ ಸಾಲ್ಲಿಲ್ಲ, ಅಲ್ವಾ ಸಂಗಮೇಶ?"

"ಸಾಲದ್ದು ನನ್ನ ಧೈರ್ಯಾರಿ."

"ಚೆಂದಾಗಿ ಮಾತಾಡ್ಬೇಡ. ಡೈಲಾಗ್ ಬರೆಯೋರು ಬೇರೆ ಇದ್ದಾರೆ."

ಅವನು ಪರದೆಯ ಕಡೆ ತಿರುಗಿದ. "ಇನ್ನೊಂದು ಕೇಳ್ರಿ. ಆಮ್ಯಾಲ ಬೇಕಾದಷ್ಟು ಬೈರಿ."

ಸ್ಪೀಕರಿನಲ್ಲಿ ಮಾತಿರಲಿಲ್ಲ. ಒಂದು ಉಸಿರು ಎಳೆದುಕೊಂಡ ಸದ್ದು. ಮತ್ತೊಂದು. ಉದ್ದನೆಯದು, ಅರ್ಧಕ್ಕೆ ತಡೆದದ್ದು, ಬಿಕ್ಕಿದ್ದು, ಗುಟುಕು ನುಂಗಿದ್ದು. ಒಂಬತ್ತು ದಿನಗಳಲ್ಲಿ ಅವಳು ಬಿಟ್ಟ ಉಸಿರುಗಳು ಸಾಲಾಗಿ ಬಂದವು. ಪ್ರತಿಯೊಂದರ ಕೆಳಗೂ ಯಾವ ದೃಶ್ಯ, ಯಾವ ಮಾತಿನ ಮುಂಚೆ ಎಂದು ಬರೆದಿಟ್ಟಿದ್ದ.

"ಕತ್ತರಿಸಿದೆ. ಒಗಿಯಾಕ ಆಗಲಿಲ್ರಿ."

ಎಲ್ಲಕ್ಕಿಂತ ಕೊನೆಗೆ ಒಂದು ನಗು ಬಂತು. ಅರ್ಪಿತ ತಲೆಯೆತ್ತಿದಳು. ಅದು ಯಾವ ದೃಶ್ಯದ್ದೂ ಅಲ್ಲ. ಪಕ್ಕದಲ್ಲಿ ಕೂರಲೇ ಎಂದು ಅವನು ಕೇಳಿದಾಗ ನಕ್ಕಿದ್ದಳಲ್ಲ, ಅದು. ಮೈಕ್ ಆರಿಸಿರಲಿಲ್ಲ.

"ಇದು ಪಿಚ್ಚರಿಂದಲ್ಲ."

"ಅಲ್ರಿ." ಅವನ ಕಿವಿ ಕೆಂಪೇರಿತು. "ಇದು ನಂದು. ನಿಮಗ ಮಾರಿ ತೋರಿಸೋ ಧೈರ್ಯ ಇರ್ಲಿಲ್ಲ. ದಿನಾ ಇದನ್ನ ಕೇಳಾಕತ್ತಿದ್ದೆ."

"ಕಳ್ಳ."

ಅವನ ಕೆನ್ನೆಗೆ ಎರಡು ಬಿಗಿಯಬೇಕೆಂದು ಅವಳಿಗೆ ಅನ್ನಿಸಿತು. ಅದೇ ಕೈಯಿಂದ ಆ ಕೆದರಿದ ಗಡ್ಡ ಸವರಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಕೇಳಿದಳು: "ಎಲ್ಲಾ ವಾಪಸ್ ಕೂರ್ಸೋಕೆ ಎಷ್ಟು ದಿನ ಬೇಕು?"

"ನಾಕು ದಿವ್ಸ."

ಅರ್ಪಿತ ಫೋನ್ ಮಾಡಿ ಕರೆಸಿದ್ದಕ್ಕೆ ಶಶಿಧರ್ ಮಧ್ಯಾಹ್ನ ಬಂದರು. ಅವರು ಕೂರುವ ಮುಂಚೆಯೇ ಸಂಗಮೇಶ ಎದ್ದು ನಿಂತ. "ಸರ್, ಮೇಡಂ ದನಿ ಕೆಟ್ಟಿದ್ದು ನನ್ನ ಕೈಯಿಂದ. ನನ್ನ ಕೆಲಸದಿಂದ ತಗದು ಹಾಕ್ರಿ, ಬ್ಯಾಡ ಅನ್ನೂದಿಲ್ಲ. ಮೊದ್ಲ ಇದನ್ನ ಕೇಳ್ರಿ."

ಬಸ್ಸಿನ ದೃಶ್ಯವನ್ನು ಅವಳು ಹೇಗೆ ಹೇಳಿದ್ದಳೋ ಹಾಗೇ ಹಾಕಿದ. ಮಗುವಿನ ಹೆಸರು ಕೂಗುವಾಗ ಅವಳ ಗಂಟಲು ಒಡೆಯಿತು. ಶಶಿಧರ್ ಕಾಫಿ ಲೋಟ ಬಾಯಿಗಿಡುವುದನ್ನು ಮರೆತರು. ದೃಶ್ಯ ಮುಗಿದ ಮೇಲೆ ಅರ್ಪಿತಳ ಕಡೆ ತಿರುಗಿದರು.

"ಟ್ರೈಲರಲ್ಲಿ ಒಂದು ದನಿ, ಪಿಚ್ಚರಲ್ಲಿ ಇನ್ನೊಂದು. ಜನ ನಗ್ತಾರಮ್ಮ."

"ನಗ್ಲಿ ಸಾರ್. ಇಪ್ಪತ್ತು ವರ್ಷ ಬೇರೆಯವ್ರ ದನಿಗೆ ಚಪ್ಪಾಳೆ ತಗೊಂಡಿದ್ದೀನಿ. ನನ್ನ ದನಿಗೆ ನಗಿಸ್ಕೊಳ್ಳೋಕೆ ನಂಗೇನೂ ನಾಚಿಕೆ ಇಲ್ಲ. ಮಾತು ಕೊಟ್ಟಿದ್ದು ನೀವು."

ಶಶಿಧರ್ ಲೋಟ ಕೆಳಗಿಟ್ಟು ಫೋನ್ ತೆಗೆದುಕೊಂಡರು. "ಪ್ರೊಡ್ಯೂಸರ್ ಹತ್ರ ಜಗಳ ನಾನಾಡ್ತೀನಿ. ಸೋಮವಾರದೊಳಗೆ ಮುಗಿಸು ಸಂಗಮೇಶ."

ನಾಲ್ಕು ದಿನವೂ ಅರ್ಪಿತ ಸ್ಟುಡಿಯೋಗೆ ಬಂದು ಅವನ ಬೆನ್ನ ಹಿಂದಿನ ಸೋಫಾದಲ್ಲಿ ಕೂತಳು. ಉಸಿರು ತಪ್ಪು ಜಾಗದಲ್ಲಿ ಕೂತರೆ ಮಾತ್ರ "ಅಲ್ಲ" ಅನ್ನುತ್ತಿದ್ದಳು. ಅವನು ತೆಗೆದು, ಸರಿಯಾಗಿ ಕೂರಿಸುತ್ತಿದ್ದ. ಕೊನೆಯ ದಿನ ಎದ್ದು ಹೋಗುವಾಗ, ಬಿಡುಗಡೆಯ ದಿನದ ಒಂದು ಟಿಕೆಟ್ಟನ್ನು ಅವನ ಕೀಬೋರ್ಡಿನ ಮೇಲಿಟ್ಟು ಹೋದಳು.

ಮೊದಲ ಆಟ. ಅರ್ಪಿತಳ ಎಡಕ್ಕೆ ಅಜ್ಜಿ, ಅವರಾಚೆ ಬೋರಣ್ಣ, ಬಲಕ್ಕೆ ಸಂಗಮೇಶ. ಪರದೆಯ ಮೇಲೆ ಅವಳು ಮೊದಲ ಮಾತಾಡಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಏನ್ ಗುರು, ಹೀರೋಯಿನ್‌ಗೆ ಗಂಟ್ಲು ಕಟ್ಟಿದ್ಯಾ?" ನಾಲ್ಕಾರು ಜನ ನಕ್ಕರು. ಅರ್ಪಿತ ಹಲ್ಲು ಕಚ್ಚಿ ಕೂತಳು.

ಆಗ ಅಕ್ಕಯಮ್ಮ ನೆಟ್ಟಗೆ ಕೂತು, ಇಡೀ ಸಾಲಿಗೆ ಕೇಳಿಸುವಂತೆ ಅಂದರು:

"ಬೋರಾ, ಬಂದ್ಲು ಕಣ್ಲಾ. ನಮ್ ಅರ್ಪಿತ ಬಂದ್ಲು."

ಹಿಂದಿನವರು ನಕ್ಕರೋ ಬಿಟ್ಟರೋ, ಅರ್ಪಿತಳಿಗೆ ಆಮೇಲೆ ಕೇಳಿಸಲಿಲ್ಲ. ಗ್ಲಿಸರಿನ್ ಇಲ್ಲದೆ ಕಣ್ಣೀರು ಇಳಿಯುತ್ತಿತ್ತು.

"ಸಿಟ್ಟು ಹೋತೇನ್ರಿ?" ಸಂಗಮೇಶ ಪಿಸುಗುಟ್ಟಿದ.

"ಇಲ್ಲ."

"ಎಷ್ಟು ದಿನ ಇರ್ತೈತಿ?"

"ನಾನಿರೋ ತನಕ ಇರತ್ತೆ. ಪಕ್ಕದಲ್ಲೇ ಕೂತು ಅನುಭವಿಸು."

"ಕುಂಡ್ರತೇನಿ," ಎಂದ ಅವನು, ಮೊದಲ ಸಲ ‘ರೀ’ ಬಿಟ್ಟು. ಅವಳು ಅವನ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು.

ಬಸ್ಸಿನ ದೃಶ್ಯ ಬಂತು. ಅವಳು ಪಕ್ಕಕ್ಕೆ ನೋಡಿದರೆ, ಸಂಗಮೇಶ ಎಂದಿನಂತೆ ಕಣ್ಣು ಮುಚ್ಚಿ ಕೇಳುತ್ತ ಕೂತಿದ್ದ. ಅರ್ಪಿತ ಅವನ ಕೈ ಜಿಗುಟಿದಳು.

"ಕಣ್ ಬಿಡೋ," ಎಂದಳು. "ಮುಖಾನೂ ನಂದೇ."