ಮ್ಯಾನೇಜರರ ಮನೆಯ ನೆಲ

ಸೋಮವಾರ ಬೆಳಗ್ಗೆ ಠಾಣೆಯ ಕಸ ಗುಡಿಸಿ ಮುಗಿಯುವ ಮೊದಲೇ ಬಂದ ದೂರುದಾರರು, ತಮ್ಮ ಹೊಸ ಮನೆ ಉಬ್ಬುತ್ತಿದೆ ಎಂದರು.

ದಫೇದಾರರು ಪೆನ್ನು ಕೆಳಗಿಟ್ಟರು. ಮನೆಗೆ ಕನ್ನ ಹಾಕಿದ್ದು, ಮನೆಗೆ ಬೆಂಕಿ ಇಟ್ಟಿದ್ದು, ಒಂದೇ ಮನೆಯನ್ನು ಮೂರು ಜನರಿಗೆ ಮಾರಿದ್ದು ಎಲ್ಲವನ್ನೂ ಬರೆದು ಬರೆದು ಕೈ ಸವೆಸಿಕೊಂಡವರು ಅವರು. ಉಬ್ಬಿದ ಮನೆಯನ್ನು ಯಾವ ಕಲಮಿಗೆ ಸೇರಿಸುವುದೆಂದು ಮಾತ್ರ ತಲೆಗೆ ಹೊಳೆಯಲಿಲ್ಲ.

"ಉಬ್ಬೋದು ಅಂದ್ರೆ ಬಲೂನ್ ಥರಾನಾ ಸಾರ್?"

"ತಮಾಷೆ ಬೇಡ ಕಣ್ರೀ. ನನ್ನ ಹೆಂಡತಿ ಕೈ ಮುರ್ಕೊಂಡು ಆಸ್ಪತ್ರೇಲಿದಾಳೆ."

ಆ ಮಾತು ಕೇಳಿ ಇನ್ಸ್‌ಪೆಕ್ಟರ್ ತಮ್ಮ ಕೋಣೆಯಿಂದ ಹೊರಗೆ ಬಂದರು. ಈ ಠಾಣೆಗೆ ವರ್ಗವಾಗಿ ಬಂದು ಅವರಿಗೆ ಇನ್ನೂ ಆರು ತಿಂಗಳು. ಕಡಿಮೆ ಮಾತಿನ ಹೆಂಗಸು, ಎದುರಿನವರು ಮಾತಾಡುತ್ತಿದ್ದರೆ ಅಡ್ಡ ಬರುವವರಲ್ಲ. ದೂರುದಾರರನ್ನು ಕೂರಿಸಿ, ಮೊದಲಿಂದ ಹೇಳಿ ಎಂದರು.

ಊರಿನ ಕಸವನ್ನೆಲ್ಲ ಸುಡುವ ದೊಡ್ಡ ಕುಲುಮೆಯೊಂದು ಊರಾಚೆ ಇದೆ. ಸುಟ್ಟು ಉಳಿದ ಬೂದಿ ಲಾರಿಗಳಲ್ಲಿ ಪಕ್ಕದ ಯಾರ್ಡಿಗೆ ಬರುತ್ತದೆ. ಅಲ್ಲಿ ಅದರೊಳಗಿನ ಲೋಹ ತೆಗೆದು, ಜರಡಿ ಹಿಡಿದು, ಉಳಿದದ್ದನ್ನು ರಸ್ತೆಗೆ, ಇಟ್ಟಿಗೆಗೆ, ನೆಲ ತುಂಬುವುದಕ್ಕೆ ಮಾರುತ್ತಾರೆ. ದೂರುದಾರರು ಆ ಯಾರ್ಡಿನ ಮ್ಯಾನೇಜರ್. ಹೊಸ ಮನೆಯ ನೆಲಕ್ಕೆ ತಮ್ಮದೇ ಯಾರ್ಡಿನ ಬೂದಿ ಹಾಕಿಸಿ, ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಅದನ್ನೇ ಹೇಳಿ ಬೀಗಿದ್ದರು. ಈಗ ಹಾಲ್‌ನ ಟೈಲ್ಸ್ ಒಂದೊಂದಾಗಿ ಮೇಲೇಳುತ್ತಿವೆ, ಬಾಗಿಲುಗಳು ನೆಲಕ್ಕೆ ಸಿಕ್ಕಿ ತೆರೆಯುತ್ತಿಲ್ಲ. ಎದ್ದು ನಿಂತ ಟೈಲ್ಸಿಗೆ ಎಡವಿ ಹೆಂಡತಿ ಬಿದ್ದಿದ್ದಾರೆ.

"ಯಾರ ಮೇಲೆ ಅನುಮಾನ?"

"ಅನುಮಾನ ಏನು ಬಂತು ಮೇಡಂ? ಮೇಸ್ತ್ರಿನೇ. ಬೂದಿಗೆ ಏನೋ ಕಲಬೆರಕೆ ಮಾಡಿದಾನೆ. ಬಿಡಬೇಡಿ ಅವನ್ನ. ಒಳಗೆ ಹಾಕಿ ರುಬ್ಬಿ."

ಹತ್ತೂವರೆಗೆ ಎಫ್‌ಐಆರ್ ದಾಖಲಾಯಿತು. ವಂಚನೆ ಮತ್ತು ಜೀವಕ್ಕೆ ಅಪಾಯವಾಗುವಂಥ ಕೃತ್ಯ ಎಂದು ಕಲಮು ಹಾಕಿ, ಇಬ್ಬರು ಪಂಚರನ್ನು ಕರೆದುಕೊಂಡು, ಇನ್ಸ್‌ಪೆಕ್ಟರ್ ಮಧ್ಯಾಹ್ನ ಸ್ಥಳ ಪಂಚನಾಮೆಗೆ ಹೊರಟರು.

ಮನೆ ಹೊರಗಿನಿಂದ ಚೆನ್ನಾಗಿಯೇ ಇತ್ತು. ಒಳಗೆ ಕಾಲಿಟ್ಟರೆ ಹಾಲ್‌ನ ನೆಲ ನಡುವಿನಲ್ಲಿ ಗೂನು ಬಿದ್ದಿತ್ತು. ಸೋಫಾದ ಒಂದು ಕಾಲು ಗಾಳಿಯಲ್ಲಿತ್ತು. ದಫೇದಾರರು ಟೇಪು ಹಿಡಿದು ಅಳೆದರು, ಫೋಟೋ ತೆಗೆಸಿದರು. ಕೂಲಿಯವನು ಎದ್ದ ಟೈಲ್ಸ್ ಕಿತ್ತು ಕೆಳಗಿನ ಕಾಂಕ್ರೀಟಿಗೆ ಉಳಿ ಹೊಡೆದ. ಮೂರನೇ ಏಟಿಗೆ ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತೆ ಸುಸ್ಸೆಂದು ಸದ್ದಾಯಿತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು.

ಕೆಳಗಿನ ಬೂದಿಯನ್ನು ಅಗೆದು ಬಾಟಲಿಗೆ ತುಂಬಿ ಬಟ್ಟೆ ಸುತ್ತಿದ್ದಾಯಿತು. ಇನ್ನು ಅರಗಿನ ಮೊಹರು ಹಾಕಬೇಕು. ದಫೇದಾರರು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಅರಗು ಕರಗಿಸಲು ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಲು ಹೋದರು.

"ಬೇಡ! ಕಡ್ಡಿ ಗೀರಬೇಡ್ರೀ!" ಮ್ಯಾನೇಜರ್ ಹಾರಿ ಬಂದು ಅವರ ಕೈಯಿಂದ ಪೊಟ್ಟಣವನ್ನೇ ಕಿತ್ತುಕೊಂಡರು. ಮುಖ ಬಿಳಿಚಿಹೋಗಿತ್ತು. "ಎಲ್ಲರನ್ನೂ ಸುಟ್ಟು ಹಾಕ್ತೀರಾ?"

"ಯಾಕೆ? ಏನಾಗುತ್ತೆ?" ಇನ್ಸ್‌ಪೆಕ್ಟರ್ ಕೇಳಿದರು.

"ಒಳಗಿರೋದು ಗ್ಯಾಸು ಮೇಡಂ. ಬೂದೀಲಿ ಅಲ್ಯೂಮಿನಿಯಂ ಚೂರು ಇರುತ್ತೆ. ನೀರು ಬಿದ್ರೆ ಗ್ಯಾಸ್ ಬಿಡುತ್ತೆ, ಉಬ್ಬುತ್ತೆ. ಮುಚ್ಚಿದ ಜಾಗದಲ್ಲಿ ತುಂಬ್ಕೊಂಡ್ರೆ ಒಂದು ಕಿಡಿ ಸಾಕು, ಹೊತ್ಕೊಳ್ಳುತ್ತೆ. ಅದಕ್ಕೇ ನಾವು ಹಸಿ ಬೂದೀನ ಯಾವತ್ತೂ ಒಳಗೆ ಇಡಲ್ಲ. ಮೂರು ತಿಂಗಳು ಬಯಲಲ್ಲಿ ಹರಡಿ ಹಣ್ಣು ಮಾಡ್ತೀವಿ."

"ಇದು ನಿಮಗೆ ಯಾವಾಗಿಂದ ಗೊತ್ತು?"

"ಹದಿನೈದು ವರ್ಷದಿಂದ ಇದೇ ಕೆಲಸ ಮೇಡಂ. ನನಗೆ ಗೊತ್ತಿಲ್ದೆ ಇನ್ನ್ಯಾರಿಗೆ ಗೊತ್ತಿರುತ್ತೆ?"

ಇನ್ಸ್‌ಪೆಕ್ಟರ್ ಆ ಮಾತನ್ನು ಅವರು ಹೇಳಿದಂತೆಯೇ ಹೇಳಿಕೆಯಲ್ಲಿ ಬರೆಸಿದರು. ಮ್ಯಾನೇಜರ್ ಓದಿ ನೋಡಿ ಠೀವಿಯಿಂದ ಸಹಿ ಹಾಕಿದರು. ಮೊಹರನ್ನು ಬೀದಿಗೆ ಹೋಗಿ ಹಾಕಿದ್ದಾಯಿತು.

ಮೇಸ್ತ್ರಿಯನ್ನು ಅಂದೇ ಸಂಜೆ ಕರೆಸಿದರು. ಬಂದವನೇ ಕಣ್ಣಲ್ಲಿ ನೀರು ಹಾಕಿಕೊಂಡ.

"ಬೂದಿ ನಾನು ತಂದಿದ್ದಲ್ಲ ಮೇಡಂ. ಅವರದೇ ಯಾರ್ಡು, ಅವರದೇ ಲಾರಿ. ತಂದು ಸುರಿದ್ರು, ನಾನು ಹರಡಿ, ನೀರು ಹೊಡೆದು, ಮೇಲೆ ಕಾಂಕ್ರೀಟ್ ಹಾಕ್ದೆ. ಕಲಬೆರಕೆ ಮಾಡೋಕೆ ನನಗೇನು ತಲೆ ಕೆಟ್ಟಿದೆಯಾ?"

ಬೂದಿ ಹೊತ್ತು ತಂದ ಲಾರಿಯವನನ್ನು ಕೇಳಿದಾಗಲೂ ಅದೇ ಉತ್ತರ ಬಂತು. ಮೇಸ್ತ್ರಿಯ ಕಣ್ಣೀರು ನಿಜವಾದದ್ದೇ ಎಂದು ಇನ್ಸ್‌ಪೆಕ್ಟರಿಗೆ ಅನಿಸಿತು. ಅವನನ್ನು ಮನೆಗೆ ಕಳಿಸಿದರು.

ಮುಂದಿನ ವಾರ ಪ್ರಯೋಗಾಲಯದ ಪರೀಕ್ಷಕಿ ಫೋನ್ ಮಾಡಿದರು. "ಬೂದಿ ಹಣ್ಣಾಗಿದ್ದೇ ಮೇಡಂ, ಅದರಲ್ಲಿ ತಪ್ಪಿಲ್ಲ. ಆದ್ರೆ ಅದಕ್ಕೆ ಅಲ್ಯೂಮಿನಿಯಂ ಚೂರು ಬೇಕಂತಲೇ ಸೇರಿಸಿದಾರೆ. ಹಿಡಿ ಬೂದಿಗೆ ಚಿಟಿಕೆ ಇರಬೇಕಾದ್ದು ನಾಲ್ಕೈದು ಚಿಟಿಕೆ ಇದೆ. ಇನ್ನೊಂದು ವಿಚಿತ್ರ ಅಂದ್ರೆ, ಕಸದ ಬೂದಿ ಅಂದ ಮೇಲೆ ತಾಮ್ರದ ತಂತಿ, ಹಿತ್ತಾಳೆ ತುಣುಕು ಜೊತೇಲೇ ಇರುತ್ತೆ. ಇದರಲ್ಲಿ ಒಂದೂ ಇಲ್ಲ. ಯಾರೋ ಕೂತು ಆರಿಸಿದ ಹಾಗಿದೆ."

ಇನ್ಸ್‌ಪೆಕ್ಟರ್ ಆ ಚೂರುಗಳ ಒಂದು ಪೊಟ್ಟಣ ತರಿಸಿಕೊಂಡು, ದಫೇದಾರರೊಂದಿಗೆ ಯಾರ್ಡಿಗೆ ಹೋದರು.

ಬೂದಿಯ ಗುಡ್ಡೆಗಳು ಸಾಲಾಗಿ ಬಯಲಲ್ಲಿ ಬಿದ್ದಿದ್ದವು. ಹಣ್ಣಾದ ಗುಡ್ಡೆಯಿಂದ ಬೂದಿಯನ್ನು ಯಂತ್ರಕ್ಕೆ ಸುರಿಯುತ್ತಿದ್ದರು. ಜರಡಿ ಅಲುಗಾಡಿ ಕಲ್ಲುಗಳನ್ನು ಬೇರೆ ಮಾಡುತ್ತಿತ್ತು, ಅಯಸ್ಕಾಂತ ಕಬ್ಬಿಣವನ್ನು ಎತ್ತಿಕೊಳ್ಳುತ್ತಿತ್ತು. ಕೊನೆಗೆ ರಭಸದಿಂದ ತಿರುಗುವ ಉರುಳೆಯೊಂದು ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಎಲ್ಲವನ್ನೂ ಒಟ್ಟಿಗೆ ಮುಂದಿನ ತೊಟ್ಟಿಗೆ ಎಸೆಯುತ್ತಿತ್ತು. ಅಲ್ಲಿಂದಾಚೆಗೆ ಯಂತ್ರದ ಆಟ ನಡೆಯದು. ಉದ್ದನೆಯ ಮೇಜೊಂದರ ಸುತ್ತ ಕೂತ ನಾಲ್ವರು ಹೆಂಗಸರು, ಒಬ್ಬ ವಯಸ್ಸಾದ ಗಂಡಸು, ಕೈಯಲ್ಲೇ ಅವನ್ನು ಬೇರೆ ಬೇರೆ ಬುಟ್ಟಿಗೆ ಆರಿಸುತ್ತಿದ್ದರು.

ದಫೇದಾರರು ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಹರಡಿದರು. "ಏನಮ್ಮಾ, ಇದು ನಿಮ್ಮ ಕಡೆ ಮಾಲಾ?"

ತುದಿಯಲ್ಲಿ ಕೂತಿದ್ದ ಹೆಂಗಸು ಬಗ್ಗಿ ನೋಡಿ ನಕ್ಕಳು. "ಇಷ್ಟು ಚೊಕ್ಕ ಆರಿಸೋದು ನಮ್ಮ ಜರಡಿ ಮಾವ ಒಬ್ರೇ ಸಾರ್. ನಮ್ಮ ಬುಟ್ಟೀಲಿ ಎಷ್ಟೇ ನೋಡಿದ್ರೂ ಒಂದೆರಡು ತಾಮ್ರ ಕದ್ದು ಕೂತಿರುತ್ತೆ." ಹೇಳಿದ ಮೇಲೆ ಪೊಲೀಸರ ಮುಖ ಕಂಡು ನಾಲಿಗೆ ಕಚ್ಚಿಕೊಂಡಳು.

ವಯಸ್ಸಾದ ಗಂಡಸು, ಅವರೇ ಜರಡಿ ಮಾವ, ಕೈಗವಸು ಕಳಚಿ ಚೂರುಗಳನ್ನು ಅಂಗೈಗೆ ಹಾಕಿಕೊಂಡರು. ಹೆಬ್ಬೆರಳಿನಿಂದ ಒಂದು ಸಲ ತಿರುವಿ ನೋಡಿದರು.

"ನೀವು ಆರಿಸಿದ್ದಾ?" ಇನ್ಸ್‌ಪೆಕ್ಟರ್ ಕೇಳಿದರು.

"ನಾನೇ."

"ಇದು ಎಲ್ಲಿ ಸಿಕ್ತು ಗೊತ್ತಾ?"

"ಸಾಹೇಬ್ರ ಮನೆ ನೆಲದಲ್ಲಿ."

"ಹಾಕಿದ್ದು ಯಾರು?"

"ನಾನೇ ತಾಯಿ. ನನ್ನ ಮನೆಗೆ ಹೋಗೋ ಬೂದಿ, ನೀನೇ ಚೆನ್ನಾಗಿ ನೋಡಿ ಕಳಿಸು ಅಂದ್ರು ಸಾಹೇಬ್ರು. ಚೆನ್ನಾಗಿ ನೋಡೇ ಕಳಿಸ್ದೆ. ಲೋಡಿಗೆ ಒಂದು ಮೂಟೆ."

"ತಾಮ್ರ ಯಾಕೆ ಆರಿಸಿದ್ರಿ? ಅದು ಹಾಗೇ ಇದ್ದಿದ್ರೆ ನಾವು ಇಲ್ಲಿಗೆ ಬರ್ತಿರಲಿಲ್ಲ."

ಜರಡಿ ಮಾವ ಒಂದು ಗಳಿಗೆ ತಮ್ಮ ಕೈಗಳನ್ನೇ ನೋಡಿಕೊಂಡರು. ಈ ಪ್ರಶ್ನೆ ಅವರಿಗೇ ಈಗ ಹೊಸದು. "ಕಣ್ಣಿಗೆ ಬಿದ್ರೆ ಕೈ ಬಿಡಲ್ಲ," ಎಂದರು. "ಬೇರೆ ಥರ ಮಾಡೋದು ಕೈಗೆ ಬರಲ್ಲ."

ಠಾಣೆಗೆ ಕರೆತಂದ ಮೇಲೆ, ನೀರು ಕುಡಿಸಿ, ಯಾಕೆ ಎಂದು ಕೇಳಿದರು. ಮಾವ ಹೇಳುವ ಮೊದಲೇ ದಫೇದಾರರು ಹಣೆ ಚಚ್ಚಿಕೊಂಡರು. "ಅಯ್ಯೋ ಮೇಡಂ, ಸ್ಟೌ ಕೇಸು! ನೀವು ಬರೋ ಮುಂಚಿನದು."

ಎರಡು ವರ್ಷದ ಹಿಂದಿನ ಮಳೆಗಾಲ. ರಸ್ತೆ ಕೆಲಸಕ್ಕೆ ಬೂದಿ ಒದ್ದೆಯಾಗಬಾರದೆಂದು ಮ್ಯಾನೇಜರ್, ಕುಲುಮೆಯಲ್ಲಿ ನೀರು ಹೊಯ್ದು ಆರಿಸಿ ಕಳಿಸಿದ ಹಸಿ ಬೂದಿಯನ್ನೂ ಹಳೆಯದರ ಜೊತೆಗೇ ಶೆಡ್ಡಿಗೆ ಸುರಿಸಿ ಬಾಗಿಲು ಹಾಕಿಸಿದರು. ಬೆಳಗ್ಗೆ ಶೆಡ್ಡಿನೊಳಗಿದ್ದ ಲೋಡರ್ ಯಂತ್ರವನ್ನು ಚಾಲೂ ಮಾಡಿದ್ದು ಜರಡಿ ಮಾವನ ಅಕ್ಕನ ಮಗಳು. ತಾಯಿ ಇಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಯಂತ್ರದ ಕಿಡಿಗೆ ಶೆಡ್ಡಿನ ತಗಡು ಹಾರಿ ರಸ್ತೆಗೆ ಬಿತ್ತು. ಒಳಗೆ ಅವಳೂ, ಅವಳ ಜೊತೆಗಿದ್ದ, ಮಾವನ ಎದುರುಮನೆಯವರ ಮಗನೂ ಸತ್ತರು.

ಆಗ ಮ್ಯಾನೇಜರ್ ಇದೇ ಠಾಣೆಯಲ್ಲಿ ಕೂತು ಹೇಳಿದ್ದರು: ಒಂದು ಸಲ ಸುಟ್ಟು ಬಂದ ಬೂದಿ ಇನ್ನೊಂದು ಸಲ ಹೇಗೆ ಸುಡುತ್ತೆ ಸಾರ್? ಆ ಹುಡುಗಿ ಟೀ ಕಾಯಿಸೋಕೆ ಸ್ಟೌ ಹಚ್ಚಿರಬೇಕು. ಕೇಳಿದವರಿಗೆ ಅದು ನ್ಯಾಯವಾಗಿಯೇ ಕಂಡಿತು. ಕೇಸು ಮುಗಿಯಿತು.

"ಸ್ಟೌ ಇರಲೇ ಇಲ್ಲ ತಾಯಿ. ಅವಳು ಟೀನೇ ಕುಡೀತಿರಲಿಲ್ಲ," ಎಂದರು ಜರಡಿ ಮಾವ. "ಬಾಯಿ ಬಡ್ಕೊಂಡೆ. ಕೇಳೋರು ಯಾರು? ಎದುರುಮನೆ ಆಯಮ್ಮ ನನ್ನನ್ನ ಅಣ್ಣ ಅಣ್ಣ ಅಂತಿದ್ದೋಳು. ನಿನ್ನ ಮನೆ ಹೆಣ್ಣು ನನ್ನ ಮಗನ್ನ ಸುಟ್ಟಳು ಅಂದುಬಿಟ್ಲು. ಎರಡು ವರ್ಷ ಆಯ್ತು. ನಾನು ಹೊರಗೆ ಬಂದ್ರೆ ಅವಳು ಬಾಗಿಲು ಹಾಕ್ಕೋತಾಳೆ. ದಿನಾ. ಆ ಬಾಗಿಲು ಹಾಕೋ ಸದ್ದು ಕೇಳಿ ಕೇಳಿ ನನ್ನ ಹೊಟ್ಟೇಲಿ ಬೆಂಕಿ ಬಿತ್ತು."

"ಅದಕ್ಕೆ ಮನೆ ಕೆಡವೋಕೆ ಹೊರಟ್ರಾ?"

"ಬೂದಿ ಸುಡಲ್ಲ, ಬೂದಿಯಿಂದ ಏನೂ ಆಗಲ್ಲ ಅಂದ್ರಲ್ಲ? ತಗೋ, ನಿನ್ನ ಕಾಲಡೀಲೇ ಇಟ್ಕೋ ಅಂತ ಹಾಕ್ದೆ. ದಿನಾ ಬೆಳಗ್ಗೆ ಎದ್ದು ನೋಡ್ಲಿ. ಇನ್ನೊಂದೆರಡು ತಿಂಗಳು ಬಿಟ್ಟಿದ್ರೆ ಗೋಡೇನೂ ಬಾಯಿ ಬಿಡ್ತಿತ್ತು. ಮನೆಯಮ್ಮನ ಕೈ ಮುರೀಬಾರದಿತ್ತು, ಅದೊಂದು ತಪ್ಪಾಯ್ತು. ಮಿಕ್ಕಿದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪ ಇಲ್ಲ, ಹಾಗೇ ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ಬರೆದುಕೊಂಡರು. ಆಮೇಲೆ ಹಳೆಯ ಫೈಲು ತರಿಸಿ, ಅದರ ಪಕ್ಕಕ್ಕೆ ಹೊಸ ಹೇಳಿಕೆಯನ್ನಿಟ್ಟು ಎರಡನ್ನೂ ಓದಿದರು. ಓದುತ್ತ ಓದುತ್ತ ಅವರ ಕಿವಿ ಕೆಂಪಾಯಿತು. ಮೋಸ ಹೋದ ಠಾಣೆಯ ಕುರ್ಚಿಯಲ್ಲೇ ತಾವು ಕೂತಿದ್ದೇವೆ ಎಂಬ ಸಿಟ್ಟು ಅದು.

"ನಿಮ್ಮ ಸಾಹೇಬ್ರು ಒಪ್ಕೊಂಡಿದಾರೆ," ಎಂದರು. "ಮುಚ್ಚಿದ ಜಾಗದಲ್ಲಿ ಬೂದಿ ಗ್ಯಾಸ್ ಬಿಡುತ್ತೆ, ಒಂದು ಕಿಡಿ ಸಾಕು ಅಂತ. ಹದಿನೈದು ವರ್ಷದಿಂದ ಗೊತ್ತು ಅಂತಲೂ ಹೇಳಿದಾರೆ. ಪಂಚರ ಮುಂದೆ."

ಜರಡಿ ಮಾವ ಬೆಂಚಿನಿಂದ ಎದ್ದೇಬಿಟ್ಟರು. "ಅವನ ಬಾಯಿಂದ?"

"ಅವರ ಬಾಯಿಂದಲೇ. ಸಹಿನೂ ಹಾಕಿದಾರೆ."

ದಫೇದಾರರು ತೋಳು ಹಿಡಿದು ಕೂರಿಸಿದರು. ಸಂಜೆ ನಾಲ್ಕಕ್ಕೆ ಬಂಧನದ ಕಾಗದಗಳಿಗೆ ಹೆಬ್ಬೆಟ್ಟು ಒತ್ತುವಾಗ ಅವರ ಮುಖದಲ್ಲಿದ್ದದ್ದು ನಗುವೇ ಎಂದು ದಫೇದಾರರು ಇಂದಿಗೂ ಹೇಳುತ್ತಾರೆ.

ಆರೋಪಿ ಸಿಕ್ಕ ಸುದ್ದಿ ತಿಳಿದು ಮ್ಯಾನೇಜರ್ ಧಾವಿಸಿ ಬಂದರು. ಬೆಂಚಿನ ಮೇಲೆ ಕೂತವರನ್ನು ಕಂಡು ಬಾಗಿಲಲ್ಲೇ ನಿಂತರು. ಆಮೇಲೆ ಅಬ್ಬರ ಶುರುವಾಯಿತು. ಅನ್ನ ಹಾಕಿದ ಮನೆಗೆ ಎರಡು ಬಗೆದ ದ್ರೋಹಿ, ಇವನನ್ನು ಗಲ್ಲಿಗೇರಿಸಬೇಕು. ಇನ್ಸ್‌ಪೆಕ್ಟರ್ ಎಲ್ಲ ಕೇಳಿಸಿಕೊಂಡು, ಅವರ ಎರಡೂ ಹೇಳಿಕೆಗಳನ್ನು ಒಂದಾದ ಮೇಲೊಂದರಂತೆ ಗಟ್ಟಿಯಾಗಿ ಓದಿದರು. ಮೊದಲು ಹಳೆಯದು, ಆಮೇಲೆ ಹೊಸದು.

ಮ್ಯಾನೇಜರ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ದನಿ ತಗ್ಗಿತು. "ಮೇಡಂ, ವಯಸ್ಸಾದ ಮನುಷ್ಯ. ಏನೋ ದುಃಖದಲ್ಲಿ ಮಾಡಿದಾನೆ. ಬಿಟ್ಟುಬಿಡಿ ಪಾಪ. ನಾನು ದೂರು ವಾಪಸ್ ತಗೋತೀನಿ."

"ಕೊಡೋ ತನಕ ದೂರು ನಿಮ್ಮದು. ಎಫ್‌ಐಆರ್ ಆದ ಮೇಲೆ ನನ್ನದು. ಇದು ರಾಜಿ ಆಗೋ ಕಲಮಲ್ಲ."

"ಮಾವ, ನೀನಾದ್ರೂ ಹೇಳೋ. ಮನೆ ಹೋದ್ರೆ ಹೋಗ್ಲಿ, ನಾನು ಏನೂ ಕೇಳಲ್ಲ."

"ನನಗೆ ಬಿಡುಗಡೆ ಬೇಡ ಸಾಹೇಬ್ರೇ," ಎಂದರು ಜರಡಿ ಮಾವ. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿ, "ತಾಯಿ, ಇವರು ಕೋರ್ಟಿಗೆ ಬಂದು ಇದನ್ನ ಮತ್ತೆ ಹೇಳ್ಬೇಕಾ?"

"ಹೇಳಲೇಬೇಕು. ಅವರೇ ಮೊದಲನೇ ಸಾಕ್ಷಿ. ಎಲ್ಲರ ಎದುರಿಗೆ, ಪ್ರಮಾಣ ಮಾಡಿ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಅವರ ನೆಲ ಯಾಕೆ ಉಬ್ತು ಅಂತ ಜಡ್ಜ್ ಕೇಳ್ತಾರೆ."

ಮ್ಯಾನೇಜರ್ ಕುರ್ಚಿಯಲ್ಲಿ ಕುಸಿದರು. ಇನ್ಸ್‌ಪೆಕ್ಟರ್ ಆ ರಾತ್ರಿಯೇ ಶೆಡ್ಡಿನ ಪ್ರಕರಣದ ಮರುತನಿಖೆಗೆ ಅನುಮತಿ ಕೋರಿ ಪತ್ರ ಬರೆದು, ಮ್ಯಾನೇಜರ್ ಊರು ಬಿಡಕೂಡದೆಂದು ನೋಟಿಸು ಕೊಟ್ಟರು. ತಾವು ಬಂಧಿಸಿದ ಮನುಷ್ಯನ ತಪ್ಪಿನ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ. ಆ ಮನುಷ್ಯನನ್ನು ಇಲ್ಲಿಗೆ ತಂದದ್ದು ಎದುರುಮನೆಯ ಬಾಗಿಲು ಎಂಬುದನ್ನು ಚಾರ್ಜ್‌ಶೀಟಿನಲ್ಲಿ ಬರೆಯಲು ಜಾಗವಿರಲಿಲ್ಲ, ಅಷ್ಟೇ.

ಮರುದಿನ ಬೆಳಗ್ಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಹತ್ತಿಸುತ್ತಿದ್ದರು. ಠಾಣೆಯ ಗೇಟಿನ ಬಳಿ ಒಬ್ಬ ಹೆಂಗಸು ನಿಂತಿದ್ದಳು. ಜರಡಿ ಮಾವ ಅವಳನ್ನು ಕಂಡು ಅಭ್ಯಾಸಬಲದಿಂದ ತಲೆ ತಗ್ಗಿಸಿದರು. ಅವಳು ನೇರ ಜೀಪಿನ ಹತ್ತಿರ ಬಂದಳು. ಸುದ್ದಿ ರಾತ್ರಿಯೇ ಬೀದಿ ತುಂಬಿತ್ತೆಂದು ಕಾಣುತ್ತದೆ. ಕಣ್ಣು ಊದಿಕೊಂಡಿದ್ದವು, ಆದರೆ ಈಗ ಅಳುತ್ತಿರಲಿಲ್ಲ.

"ಅಣ್ಣಾ," ಎಂದಳು. ಜೀಪಿನ ಕಂಬಿ ಹಿಡಿದಳು. ಆಮೇಲೆ ದಫೇದಾರರ ಕಡೆ ತಿರುಗಿದಳು. "ಸಾರ್, ಆ ಮ್ಯಾನೇಜರ್ ಕೋರ್ಟಲ್ಲಿ ಬಾಯಿ ಬಿಡೋದು ಯಾವತ್ತು? ನಾನೂ ಬರ್ತೀನಿ. ಅವನ ಮುಖ ಕಾಣೋ ಹಾಗೆ ಮುಂದೇನೇ ಕೂರ್ತೀನಿ."

"ಬಾ ತಾಯಿ," ಎಂದರು ಜರಡಿ ಮಾವ. "ನಾನಂತೂ ಅವತ್ತು ಅಲ್ಲೇ ಇರ್ತೀನಿ."